ಧೋತರದೊಳಗಿನ ಪ್ಯಾಂಟು

ಮಹಾಂತಪ್ಪ ಪರದೆಯ ಹಿಂದಿನಿಂದ ಹೊರಗೆ ಬರಲು ಸುತಾರಾಂ ಒಪ್ಪಲಿಲ್ಲ. ಪ್ಯಾಂಟು ಹಾಕಿಕೊಂಡದ್ದಂತೂ ನಿಜ. ಪರದೆಯ ಕೆಳಗೆ ಎರಡು ಕರಿಯ ಕಾಲುಗಳು ಕಾಣುತ್ತಿದ್ದವು. ಅಂಗಡಿಯಲ್ಲಿ ಬೇರೆ ಗಿರಾಕಿ ಯಾರೂ ಇಲ್ಲವೆಂದು ಮಗಳು ಗಂಗಾ ಎರಡು ಸಲ ಹೇಳಿದಳು. ಬೈಲಹೊಂಗಲದ ಆ ಬೈಕ್ ಸಾಮಾನಿನ ಅಂಗಡಿಯ ಮಾಲೀಕ ಗೌರೀಶ ಹೆಲ್ಮೆಟ್ಟುಗಳ ಧೂಳು ಒರೆಸುತ್ತ, ತನಗೆ ಇದು ಯಾವುದೂ ಸಂಬಂಧವಿಲ್ಲವೆಂಬಂತೆ ಗೋಡೆಯ ಕಡೆ ತಿರುಗಿಕೊಂಡ.

"ಯಪ್ಪಾ, ಹೊರಗ ಬಾ. ಮಣಕಾಲಿಗೆ ಬಿಗಿ ಆಗತೈತೇನು, ಕುಂತು ನೋಡಬೇಕು."

"ನಾ ಇಲ್ಲೇ ಕುಂತೇನಿ," ಎಂದಿತು ಪರದೆ.

ಅವನ ಸಂಕಟವನ್ನು ತಿಳಿಯಬೇಕಾದರೆ ಅವನ ಊರಿನಲ್ಲಿ ಅವನನ್ನು ನೋಡಿರಬೇಕು. ಹೂಲಿಯಲ್ಲಿ ಯಾರ ಮನೆಯ ಹೊಲದ ಬದುವಿನ ಜಗಳವಿರಲಿ, ಮದುವೆಯ ಮಾತಿರಲಿ, ಮಹಾಂತಪ್ಪ ಬಂದು ಕುಳಿತ ಮೇಲೆಯೇ ಶುರು. ಸಾಲೆ ಬಿಟ್ಟ ವರ್ಷ ಚಡ್ಡಿಯಿಂದ ನೇರವಾಗಿ ಧೋತರಕ್ಕೆ ಬಡ್ತಿ ಪಡೆದವನು ಅವನು. ನಡುವೆ ಪ್ಯಾಂಟೆಂಬ ಒಂದು ನಿಲ್ದಾಣವಿದೆ ಎಂಬುದನ್ನೇ ಅವನ ಕಾಲುಗಳು ಅರಿಯವು. ಅಂಥವನು ಮಗಳ ಎದುರಿಗೆ, ಅಂಗಡಿಯ ಟ್ಯೂಬ್‌ಲೈಟಿನ ಬೆಳಕಿಗೆ, ಎರಡು ದಪ್ಪ ಚೀಲಗಳಲ್ಲಿ ಕಾಲಿಟ್ಟುಕೊಂಡು ನಿಂತಿದ್ದ.

ಇದಕ್ಕೆಲ್ಲ ಕಾರಣ ಅವನ ಬೈಕ್ ಗಾಡಿಯ ಚೈನು. ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ಸವದತ್ತಿಯಿಂದ ಬರುವಾಗ ಅವನ ಕಚ್ಚೆ ಸಡಿಲಾಗಿ, ಧೋತರದ ತುದಿ ಚೈನಿಗೆ ಸಿಕ್ಕಿತು. ಚೈನಿನ ಮುಚ್ಚಳ ಮುರಿದು ವರ್ಷವೇ ಆಗಿತ್ತು; ನಾಳೆ ಹಾಕಿಸಿದರಾಯಿತು ಎಂದು ಬಿಟ್ಟಿದ್ದ. ಗಾಡಿ ಅವನನ್ನು ಎಳೆದು ಕೆಡವಿತು. ಮೊಣಕಾಲಿನ ತೊಗಲು ಸುಲಿದು ಒಳಗಿನದು ಬೆಳ್ಳಗೆ ಕಂಡಿತು. ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರ್ ಅವನ ತಲೆಯಿಂದ ಮಾರು ದೂರದಲ್ಲಿ ಹೇಗೋ ನಿಂತಿತು. ಅದರ ಡ್ರೈವರನೇ ಇಳಿದು ಧೋತರವನ್ನು ಕುಡುಗೋಲಿನಿಂದ ಕೊಯ್ದು ಅವನನ್ನು ಬಿಡಿಸಿ, ಉಟ್ಟುಕೊಳ್ಳಲು ತನ್ನ ಟವೆಲ್ ಕೊಟ್ಟ. ಮೊಣಕಾಲು ಹೋದದ್ದಕ್ಕಿಂತ, ಟವೆಲ್ ಸುತ್ತಿಕೊಂಡು ಊರ ನಡುವೆ ಹಾದುಬಂದದ್ದು ಮಹಾಂತಪ್ಪನಿಗೆ ಹೆಚ್ಚು ನೋಯಿತು.

ಹೆಂಡತಿ ಚನ್ನವ್ವನಿಗೆ ನೋವಾದದ್ದು ಬೇರೆ. ಆ ಟ್ರ್ಯಾಕ್ಟರ್ ನಿಲ್ಲದಿದ್ದರೆ ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತು. ಗಾಯ ಮಾಯ್ದು ಗಂಡ ಗಾಡಿಯ ಕಡೆ ನೋಡತೊಡಗಿದ ದಿನವೇ ಅವಳು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಿಗೆ ಏನಾದರೂ ಗಟ್ಟಿಮುಟ್ಟಾದದ್ದು ಹಾಕಿಕೊಂಡರೆ ಗಾಡಿ, ಇಲ್ಲದಿದ್ದರೆ ಬಸ್ಸು ಎಂದು ಸಾರಿದಳು. ಹೊಲ ಒಂದು ದಿಕ್ಕಿಗೆ, ಸವದತ್ತಿ ಪ್ಯಾಟೆ ಇನ್ನೊಂದು ದಿಕ್ಕಿಗೆ ಇರುವವನಿಗೆ ಬಸ್ಸೆಂದರೆ ಕಾಲು ಕಟ್ಟಿ ಕೂರಿಸಿದ ಹಾಗೆಯೇ.

ದಪ್ಪ ಜೀನ್ಸು ತರಲು ಚನ್ನವ್ವ ಮನೆಯಿಂದ ಹೇಳಿಕಳಿಸಿದ್ದಳು. ರಸ್ತೆಗೆ ಉಜ್ಜಿದರೆ ಅದು ಮೊದಲ ಮಾರಿಗೇ ಹರಿಯುತ್ತದೆಂದು ಗೌರೀಶ ತಳ್ಳಿಹಾಕಿದ. ಮಹಾಂತಪ್ಪನಿಗೆ ಹಿಡಿಸಿದ್ದು ಪಟ್ಟಿಯಿಂದ ಕಟ್ಟಿಕೊಳ್ಳುವ ಮೊಣಕಾಲಿನ ಚಿಪ್ಪು, ಏಕೆಂದರೆ ಅದನ್ನು ಧೋತರದ ಮೇಲೆಯೇ ಬಿಗಿಯಬಹುದು. ಬಿಗಿದುಕೊಂಡು ಅಂಗಡಿಯಲ್ಲಿ ಅತ್ತಿತ್ತ ನಡೆದ. ಬಾಗಿಲು ಮುಟ್ಟುವುದರೊಳಗೆ ಚಿಪ್ಪುಗಳು ಜಾರಿ ಪಾದದ ಮೇಲೆ ಕುಳಿತವು. ಉಳಿದದ್ದು ಈ ಕರಿಯ ಪ್ಯಾಂಟು: ದಪ್ಪ ಬಟ್ಟೆ, ಮೊಣಕಾಲಿಗೆ ಒಳಗಿನಿಂದ ಬಾಗಿದ ಗಟ್ಟಿ ಚಿಪ್ಪು, ಸೊಂಟದ ಎರಡು ಕಡೆ ಮೆತ್ತೆ. ಗಂಗಾ ಅದನ್ನೇ ಕಟ್ಟಿಸಿದಳು. ಗೌರೀಶ ಗಾಡಿಗೆ ಹಾಕಿಸಲು ಹೊಸ ಚೈನಿನ ಮುಚ್ಚಳವನ್ನೂ ಕೊಟ್ಟ. ಮಹಾಂತಪ್ಪ ತಕರಾರು ಮಾಡಲಿಲ್ಲ. ಕೀಲಿಕೈ ಇನ್ನೂ ಹೆಂಡತಿಯ ಸೊಂಟದಲ್ಲಿತ್ತು.

ಮರುದಿನ ಬೆಳಗ್ಗೆ ಅವನು ಎಂದಿನಂತೆ ಧೋತರ ಉಟ್ಟುಕೊಂಡೇ ಪಡಸಾಲೆಗೆ ಬಂದ. ಚನ್ನವ್ವ ಹುಬ್ಬು ಗಂಟಿಕ್ಕಿದಳು. ಅವನು ಧೋತರದ ಅಂಚನ್ನು ಗೇಣುದ್ದ ಎತ್ತಿ ತೋರಿಸಿದ. ಒಳಗೆ ಪ್ಯಾಂಟಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಇದೇ. ಚನ್ನವ್ವ ನಕ್ಕು ನಕ್ಕು ಹೊಸ್ತಿಲ ಮೇಲೆ ಕುಸಿದು ಕುಳಿತಳು, ಆಮೇಲೆ ಕೀಲಿಕೈ ಕೊಟ್ಟಳು. ಮೊಣಕಾಲು ಉಳಿದರಾಯಿತು, ಮೇಲೆ ಏನಾದರೂ ಉಟ್ಟುಕೊಳ್ಳಲಿ ಎಂದು ಅವಳ ಲೆಕ್ಕ.

ಆದರೆ ಊರಿಗೆ ಕಂಡದ್ದು ಬೇರೆ. ನಿನ್ನೆಮೊನ್ನೆಯವರೆಗೆ ಕಡ್ಡಿಯಂತಿದ್ದ ಮಹಾಂತಪ್ಪನ ಕಾಲು ಒಮ್ಮೆಲೇ ಕಂಬದಂತಾಗಿದ್ದವು. ಬಿಳಿಯ ಧೋತರದೊಳಗಿಂದ ಕರ್ರಗೆ ಬೇರೆ ಕಾಣುತ್ತಿದ್ದವು. ನಡೆದರೆ ಕಾಲಗಲಿಸಿ, ಮೊಣಕಾಲು ಮಡಿಸದೆ ನಡೆಯುತ್ತಿದ್ದ. ಬಿದ್ದ ಮೇಲೆ ಹೀಗಾಗಿದೆ ಎಂದು ಒಬ್ಬರು ಅಂದರೆ, ಬಿದ್ದದ್ದೇ ಇದರಿಂದ ಎಂದು ಇನ್ನೊಬ್ಬರು ಅಂದರು. ಕಾಲಿಗೆ ನೀರು ಇಳಿದಿದೆ ಎಂಬುದು ಬಸ್‌ಸ್ಟ್ಯಾಂಡ್ ದಾಟುವಾಗ ಸಕ್ಕರೆ ಕಾಯಿಲೆಗೆ ಕಿಡ್ನಿ ಹೋಗಿವೆ ಎಂದಾಯಿತು. ಊರ ಬಾಯಿಗೆ ಮುಚ್ಚಳವಿಲ್ಲ, ಆದರೆ ಊರಿಗೆ ಕರುಣೆಯಿದೆ. ಆದ್ದರಿಂದ ಅವನ ಮುಂದಾಗಲಿ, ಅವನ ಮನೆಯವರ ಮುಂದಾಗಲಿ ಯಾರೂ ಸೊಲ್ಲೆತ್ತಲಿಲ್ಲ.

ಮಹಾಂತಪ್ಪನಿಗೆ ಗೊತ್ತಾದದ್ದು ಇಷ್ಟೇ: ತನ್ನ ಮರ್ಯಾದೆ ದಿಢೀರನೆ ಏರಿದೆ. ಕಟ್ಟೆಯ ಮೇಲೆ ಕೂರುತ್ತಿದ್ದವನಿಗೆ ಈಗ ಹೋದಲ್ಲೆಲ್ಲ ಕುರ್ಚಿ ಬರುತ್ತಿತ್ತು. ತನಗಿಂತ ಹಿರಿಯರೂ ಎದ್ದು ಜಾಗ ಬಿಡುತ್ತಿದ್ದರು. ಹೋಟೆಲಿನವನೊಬ್ಬ ಮಾತ್ರ ಚಹಕ್ಕೆ ಸಕ್ಕರೆ ಹಾಕುವುದನ್ನು ದಿನಾ ಮರೆಯತೊಡಗಿದ್ದ. ಪ್ಯಾಂಟು ಹಾಕಿದ ಗಳಿಗೆ ಚಲೋ ಇತ್ತೆಂದು ಮಹಾಂತಪ್ಪ ಮನೆಯಲ್ಲಿ ಹೇಳಿಕೊಂಡು ಬೀಗಿದ.

ಅದೇ ಹೊತ್ತಿಗೆ ಗಂಗಾ ಒಳಗೊಳಗೇ ಒಣಗುತ್ತಿದ್ದಳು. ಸವದತ್ತಿಯ ಹೈಸ್ಕೂಲಿನಲ್ಲಿ ಅವಳು ಗಣಿತ ಕಲಿಸುತ್ತಿದ್ದಳು, ವಿರೂಪಾಕ್ಷ ವಿಜ್ಞಾನ. ಇಬ್ಬರೂ ಒಬ್ಬರ ಡಬ್ಬಿಯ ಪಲ್ಯ ಇನ್ನೊಬ್ಬರು ತಿನ್ನುತ್ತ ಎರಡು ವರ್ಷ ಕಳೆದ ಮೇಲೆ, ಹಿರಿಯರೇ ಹುಡುಕಿದ ಸಂಬಂಧವೆಂದು ಹಿರಿಯರಿಗೇ ಅನ್ನಿಸುವಂತೆ ಉಪಾಯ ಹೂಡಿ ಎರಡು ಮನೆಗಳ ನಡುವೆ ಮಾತು ತಂದಿದ್ದರು. ಎಲ್ಲ ಕೂಡಿಬಂದು, ದಿನ ಗೊತ್ತುಮಾಡಲು ಬರುತ್ತೇವೆಂದು ನವಿಲುತೀರ್ಥದ ಕಡೆಯ ತಮ್ಮ ಹಳ್ಳಿಯಿಂದ ವಿರೂಪಾಕ್ಷನ ತಂದೆ ದುಂಡಪ್ಪ ಹೇಳಿಕಳಿಸಿದ್ದ. ಆಮೇಲೆ ಬರಲಿಲ್ಲ. ಮತ್ತೆ ಹೇಳಿಕಳಿಸಿದ, ಮತ್ತೆ ಬರಲಿಲ್ಲ. ಏನೆಂದು ಕೇಳಿದರೆ ವಿರೂಪಾಕ್ಷ ಕಣ್ಣು ತಪ್ಪಿಸಿ, ಅಪ್ಪ ಏನೋ ವಿಚಾರ ಮಾಡುತ್ತಿದ್ದಾನೆ ಎಂದಷ್ಟೇ ಹೇಳಿದ. ಜಡ್ಡಿನ ಮಾತನ್ನು ಹಿರಿಯರು ಹಿರಿಯರ ಮುಂದೆಯೇ ಆಡಬೇಕು, ಆ ಹುಡುಗಿಯ ಮುಂದೆ ತುಟಿ ಬಿಚ್ಚಬೇಡ ಎಂದು ತಂದೆ ಅವನಿಗೆ ಆಣೆ ಹಾಕಿದ್ದು ಅವಳಿಗೆ ಹೇಗೆ ತಿಳಿಯಬೇಕು? ತಮ್ಮ ಡಬ್ಬಿಯ ಗುಟ್ಟು ಹೊರಬಿದ್ದಿದೆ, ಸಂಬಂಧ ಮುರಿಯಿತು ಎಂದೇ ಅವಳು ಎಣಿಸಿದಳು. ಊಟ ಸೇರಲಿಲ್ಲ. ಹಲಗೆಯ ಮೇಲೆ ಸುಲಭದ ಲೆಕ್ಕಗಳು ತಪ್ಪತೊಡಗಿದವು.

ಒಂದು ಭಾನುವಾರ ಮಧ್ಯಾಹ್ನ ಮಹಾಂತಪ್ಪ ಸವದತ್ತಿಯಿಂದ ಬಂದು ಗಾಡಿ ನಿಲ್ಲಿಸಿ ಒಳಗೆ ಕಾಲಿಟ್ಟರೆ, ಪಡಸಾಲೆಯಲ್ಲಿ ದುಂಡಪ್ಪ ಮತ್ತು ಅವನ ಹೆಂಡತಿ ಬಾಯವ್ವ ಕುಳಿತಿದ್ದರು. ಇಬ್ಬರ ಕಣ್ಣೂ ಅವನ ಮುಖ ಬಿಟ್ಟು ನೇರ ಕಾಲಿಗೆ ಹೋದವು. ಅವನು ಜಮಖಾನೆಯ ಮೇಲೆ ಒಂದು ಕಾಲು ಚಾಚಿ ಕಷ್ಟಪಟ್ಟು ಕುಳಿತ. ಬಾಯವ್ವ ನೋಡಲಾರದೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಳೆ, ಕಡಲೆ, ಆಳು ಸಿಗದ ಪಜೀತಿ ಎಂದು ಮಾತು ಊರೆಲ್ಲ ಸುತ್ತಿ ಬಂತು. ಅಡಿಗೆಮನೆಯ ಬಾಗಿಲಲ್ಲಿ ಗಂಗಾ ಚೌಕಟ್ಟು ಹಿಡಿದು ನಿಂತಿದ್ದಳು. ಕೊನೆಗೆ ದುಂಡಪ್ಪ ಗಂಟಲು ಸರಿಮಾಡಿಕೊಂಡ.

"ಮಹಾಂತಪ್ಪಾರ, ಜಡ್ಡು ಯಾರಿಗೂ ತಪ್ಪಿಲ್ಲರಿ. ನಮ್ಮ ಅಣ್ಣಗೂ ಹಿಂಗ ಕಾಲಿಗೆ ನೀರು ಇಳದಿದ್ದೂವು. ಬಂದದ್ದಕ್ಕ ನಮ್ಮದೇನೂ ತಕರಾರಿಲ್ಲ. ಆದರ ನೀವು ಮುಚ್ಚಿಡಬಾರದಿತ್ತರಿ. ಮುಚ್ಚಿಟ್ಟ ಮನಿಗೆ ಹ್ಯಾಂಗ ಬೀಗತನ ಮಾಡೂದು ಅಂತ ಬಾಳ ಸಂಕಟಾತು."

ಮಹಾಂತಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಯಾರ ಜಡ್ಡು ಎಂದು ಕೇಳಿದ. ಸವದತ್ತಿಯ ಸಂತೆಯಲ್ಲೆಲ್ಲ ಅದೇ ಮಾತಿದೆಯೆಂದು ದುಂಡಪ್ಪ ಹೇಳಿದ. ಕಾಲು ಕಪ್ಪಗೂ ಆಗಿವೆಯಂತೆ ಎಂದು ಬಾಯವ್ವ ಮೆಲ್ಲಗೆ ಸೇರಿಸಿದಳು. ಆಗ ಬೆಳಕಾಯಿತು. ಕುರ್ಚಿಗಳು ಯಾಕೆ ಬಂದವು, ಚಹ ಯಾಕೆ ಸಪ್ಪಗಿತ್ತು ಎಲ್ಲ ಒಟ್ಟಿಗೇ ಬೆಳಕಾಯಿತು. ಚನ್ನವ್ವನಿಗೆ ನಗು ಗಂಟಲಿಗೆ ಬಂದು, ಮಗಳ ಮುಖ ನೋಡಿ ಅಲ್ಲಿಯೇ ನಿಂತಿತು. ಹೇಳಬೇಕಾದವನು ಗಂಡ, ತಾನಲ್ಲ ಎಂದು ಅವಳು ತುಟಿ ಕಚ್ಚಿಕೊಂಡಳು.

"ಜಡ್ಡಲ್ಲರಿ ಇದು," ಎಂದ ಮಹಾಂತಪ್ಪ. "ಪ್ಯಾಂಟರಿ."

ದುಂಡಪ್ಪ ತಲೆಯಾಡಿಸಿದ. ಹಾಸಿಗೆ ಹಿಡಿದವರು ನಾಳೆ ಎದ್ದು ಹೊಲಕ್ಕೆ ಹೋಗುತ್ತೇನೆ ಎಂದಾಗ ನೋಡಲು ಬಂದವರು ಆಡಿಸುವ ಹಾಗೆ. "ಹೌದ್ರಿ, ಹೌದ್ರಿ. ಆರಾಮಾಗತೀರಿ," ಎಂದ.

ಮಹಾಂತಪ್ಪ ಮಗಳ ಕಡೆ ನೋಡಿದ. ಇಷ್ಟು ದಿನ ಅವಳ ಮುಖ ಬಾಡಿದ್ದು ಅವನಿಗೆ ಕಂಡಿತ್ತು, ಸಾಲೆಯ ದಣಿವು ಎಂದುಕೊಂಡಿದ್ದ. ತನ್ನ ಠೀವಿ ಉಳಿಸಿಕೊಳ್ಳಲು ಹೋಗಿ ಅವಳ ಬಾಳಿಗೇ ಕಲ್ಲು ಹಾಕುತ್ತಿದ್ದೆನಲ್ಲ ಎಂದು ಅವನಿಗೆ ಹೊಳೆಯಿತು. ಬಾಯಿಮಾತಿಗೆ ಇನ್ನು ಬೆಲೆಯಿಲ್ಲ. ಅವನು ಗೋಡೆ ಹಿಡಿದು ಎದ್ದು ನಿಂತ. ಬೆನ್ನ ಹಿಂದೆ ಕೈ ಒಯ್ದು ಕಚ್ಚೆ ಕಿತ್ತ, ಸೊಂಟದ ಗಂಟು ಬಿಚ್ಚಿದ, ಧೋತರವನ್ನು ಕೆಳಗೆ ಬಿಟ್ಟ.

ಬಾಯವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೂಲಿಯ ಹಿರಿಯನೊಬ್ಬ ಬೀಗರ ಎದುರಿಗೆ ಧೋತರ ಕಳಚಿದ್ದು ಅದೇ ಮೊದಲಿರಬೇಕು. ಪಡಸಾಲೆಯ ನಡುವೆ ಅವನು ಕರಿಯ ಪ್ಯಾಂಟಿನಲ್ಲಿ, ಕಿವಿಯವರೆಗೂ ಕೆಂಪಾಗಿ ನಿಂತಿದ್ದ. ಪ್ಯಾಂಟಿನ ಮೇಲೆ ಅಂಗಿಯ ಅಂಚು ಇಳಿಬಿದ್ದಿತ್ತು.

"ಗಾಡಿ ಮ್ಯಾಲಿಂದ ಬಿದ್ದಿದ್ದೆನರಿ," ಎಂದ. "ಮಣಕಾಲು ಉಳೀಲಿ ಅಂತ ಮಗಳು ತಂದ್ಲು. ಮಂದಿ ನಗತಾರ ಅಂತ ದೋತರದಾಗ ಮುಚ್ಚಿಕೊಂಡೆ. ನಾ ಮುಚ್ಚಿಟ್ಟದ್ದು ಇದೊಂದ ನೋಡ್ರಿ."

ದುಂಡಪ್ಪ ಕುಳಿತಲ್ಲಿಂದಲೇ ಮುಂದೆ ಸರಿದು, ತೆಂಗಿನಕಾಯಿ ಆರಿಸುವವನಂತೆ ಮಹಾಂತಪ್ಪನ ಮೊಣಕಾಲನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಟಕ್ ಎಂದಿತು. ಇನ್ನೊಂದನ್ನೂ ಬಡಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ನಗು ಮೇಲೆ ಬರಲು ತುಸು ಹೊತ್ತು ಹಿಡಿಯಿತು. ಬಂದ ಮೇಲೆ ನಿಲ್ಲಲಿಲ್ಲ. ಬಾಯವ್ವ ಬೆರಳ ಸಂದಿಯಿಂದ ನೋಡಿ, ಕೈ ತೆಗೆದು, ಅವಳೂ ನಕ್ಕಳು. ಗಂಗಾ ಒಳಗೆ ಹೋಗಿ ನೀರಿನ ಕೊಡದ ಮೇಲೆ ಕೈಯಿಟ್ಟು ನಿಂತು ಅತ್ತಳು. ಹೆದರಿಕೆಯೆಲ್ಲ ಕಣ್ಣಿನಿಂದ ಇಳಿದುಹೋಗುವವರೆಗೆ ಅತ್ತಳು. ಆಮೇಲೆ ಸಕ್ಕರೆ ಜಾಸ್ತಿ ಹಾಕಿ ಚಹಕ್ಕಿಟ್ಟಳು.

ಹೋದ ವರ್ಷ ದುಂಡಪ್ಪನ ಧೋತರವೂ ಮುನವಳ್ಳಿ ರಸ್ತೆಯಲ್ಲಿ ಚೈನಿಗೆ ಸಿಕ್ಕಿದ್ದು ಆಗ ಹೊರಬಿತ್ತು. ಹೇಳಿದವಳು ಬಾಯವ್ವ. ಅಂದಿನಿಂದ ಅವಳು ಪ್ಯಾಂಟು ಹಾಕಿಕೊಳ್ಳಿರೆಂದು ಗೋಗರೆದರೂ ಅವನು ಕಿವಿಗೆ ಹಾಕಿಕೊಂಡಿರಲಿಲ್ಲವಂತೆ. ಮಹಾಂತಪ್ಪ ಬೇರೆ ಧೋತರ ಉಟ್ಟು ಬಂದ ಮೇಲೆ ದುಂಡಪ್ಪ ಆ ಪ್ಯಾಂಟನ್ನು ತಿರುವಿ ಮುರುವಿ ನೋಡಿದ, ಒಳಗಿನ ಚಿಪ್ಪು ಮುಟ್ಟಿದ, ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ. ಕೊನೆಗೆ ಅದನ್ನು ಹೆಗಲ ಮೇಲೆ ಹಾಕಿಕೊಂಡು ಒಳಕೋಣೆಗೆ ಹೋದ. ಹೊರಗೆ ಬಂದಾಗ ಯಾರ ಮುಖವನ್ನೂ ನೋಡದೆ ಸೀದಾ ತನ್ನ ಗಾಡಿ ಹತ್ತಿ ಓಣಿಯ ತುದಿಯವರೆಗೆ ಹೋಗಿ ತಿರುಗಿ ಬಂದ. ಅಷ್ಟರಲ್ಲಿ ಹೆಂಗಸರಿಬ್ಬರೂ ಯುಗಾದಿ ದಾಟಿದ ಮೇಲಿನ ಮುಹೂರ್ತ ನೋಡುವುದೆಂದು ಮುಗಿಸಿಬಿಟ್ಟಿದ್ದರು.

ಹೊರಡುವಾಗ ದುಂಡಪ್ಪ ಪ್ಯಾಂಟು ಬಿಚ್ಚಲಿಲ್ಲ. ಹೊತ್ತು ಮುಳುಗುತ್ತಿದೆ, ರಸ್ತೆಯ ತುಂಬ ಕಬ್ಬಿನ ಗಾಡಿಗಳಿವೆ ಎಂದ. ಅವನು ಒಳಕೋಣೆಯಲ್ಲಿ ಬಿಚ್ಚಿ ಮಡಿಸಿಟ್ಟ ಧೋತರವನ್ನು ಚನ್ನವ್ವ ಚೀಲಕ್ಕೆ ಹಾಕಿಕೊಡಲು ಹೋದಾಗ ಕೈ ಅಡ್ಡ ಹಿಡಿದ.

"ಇರಲಿ ಬಿಡವ್ವಾ ಇಲ್ಲೇ. ಬರೂದು ಹೋಗೂದು ಇದ್ದದ್ದ ಐತೆಲ್ಲ."

ಬೆಳಗ್ಗೆ ಚನ್ನವ್ವ ಬಟ್ಟೆಗಳ ಜೊತೆ ಆ ಧೋತರವನ್ನೂ ಒಗೆದು ಹಿತ್ತಿಲ ಹಗ್ಗದ ಮೇಲೆ ಹರವಿದಳು. ಮಹಾಂತಪ್ಪ ಇನ್ನೊಂದು ಪ್ಯಾಂಟು ತರಲು ಬೈಲಹೊಂಗಲದ ಬಸ್ಸಿಗೆ ಹೋಗಿದ್ದ. ನೆರೆಮನೆಯ ಕೃಷ್ಣವ್ವ ಗೋಡೆಯಾಚೆಯಿಂದ ಬಗ್ಗಿ, ಅವನ ಕಾಲು ಹೇಗಿವೆ ಎಂದು ಕೇಳಲಾರದೆ, ಆ ಅಗಲ ಅಂಚಿನ ಧೋತರ ಹೊಸದೇನು ಎಂದು ಕೇಳಿದಳು. ಗಂಗಾ ಹೈಸ್ಕೂಲಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದವಳು ನಿಂತಳು.

"ನಮ್ಮಪ್ಪಂದಲ್ಲಬೇ," ಎಂದಳು. "ನಮ್ಮ ಮಾವಾರದು."

ಗಾಳಿಗೆ ಅದರ ಒಂದು ತುದಿ ಜಾರಿ ನೆಲದ ಹಸಿಗೆ ತಾಗುವುದರಲ್ಲಿತ್ತು. ಅವಳು ವ್ಯಾನಿಟಿ ಬ್ಯಾಗನ್ನು ಹೆಗಲಿನಿಂದ ಹಿಂದಕ್ಕೆ ತಳ್ಳಿ, ಎರಡೂ ಕೈಯಿಂದ ಅದನ್ನು ಎತ್ತಿ ಹಗ್ಗದ ಮೇಲೆ ಹಾಕಿ, ಅಂಚನ್ನು ನೇರ ಮಾಡಿದಳು.