ಕರೆಂಟ್ ಸ್ವಾಮಿಯ ಟ್ಯೂನು

ಜನ ನನ್ನನ್ನು ಕರೆಯುವುದು ಕರೆಂಟ್ ಸ್ವಾಮಿ ಅಂತ. ತಿಪ್ಪೇರುದ್ರಸ್ವಾಮಿ ಅನ್ನುವ ಪೂರ್ತಿ ಹೆಸರು ಪೋಸ್ಟರಿನಲ್ಲಿ ಹಿಡಿಸುವುದಿಲ್ಲವಂತೆ. ಹಳೇ ರೇಡಿಯೋಗಳ ಬಿಡಿಭಾಗ ಸೇರಿಸಿ ಎಪ್ಪತ್ತೆರಡರಲ್ಲೇ ದಾವಣಗೆರೆಯಲ್ಲಿ ಎಲೆಕ್ಟ್ರಿಕ್ ಆರ್ಗನ್ ಕಟ್ಟಿದವನು ನಾನು. ಆಗ ಈ ಕಡೆ ರಾಕ್ ಅಂದರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ, ಕುಣಿಯುತ್ತಾರೆ ಅಷ್ಟೇ.

ಎಂಬತ್ತಾರರ ಗಣೇಶನ ಹಬ್ಬಕ್ಕೆ ನಮ್ಮ ಆರ್ಕೆಸ್ಟ್ರಾಕ್ಕೆ ನಾಲ್ಕು ಊರು ಸಿಕ್ಕವು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಕೊನೆಗೆ ಜಗಳೂರು. ನನ್ನ ಹೆಂಡತಿ ಕಸ್ತೂರಮ್ಮ ಹತ್ತು ವರ್ಷದಿಂದ ಅಲ್ಲೇ ಹತ್ತಿರದ ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದಳು. ಜಗಳ ಆಡಿ ಹೋದವಳಲ್ಲ. ಒಂದು ಬೆಳಗ್ಗೆ ಟ್ರಂಕು ಹಿಡಿದು "ಬರ್ತೀನ್ರಿ" ಅಂದಳು. ನಾಲ್ಕು ದಿನ ತವರಿಗೆ ಹೊರಟಿದ್ದಾಳೆ ಅಂದುಕೊಂಡು ನಾನು ತಲೆ ಎತ್ತದೆ "ಹ್ಞೂಂ" ಅಂದಿದ್ದೆ.

ಅವಳಿಗಾಗಿ ನಾನೊಂದು ಟ್ಯೂನು ಕಟ್ಟಿದ್ದೆ. ಅದಕ್ಕೆ ಮಾತಿಲ್ಲ, ಹಾಡುವವರು ಬೇಕಿಲ್ಲ. ಮಧ್ಯದಲ್ಲಿ ಒಂದು ಕಡೆ ಎಲ್ಲಾ ನಿಂತು, ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಮತ್ತೆ ಶುರುವಾಗುತ್ತದೆ. ಆ ನಿಲುಗಡೆಯೇ ಅದರ ಜೀವ ಅಂತ ನನ್ನ ಹೆಮ್ಮೆ. ನಾಲ್ಕು ವರ್ಷ ದಿನಾ ಸಂಜೆ ಕೂತು ತಿದ್ದಿದೆ, ಅದೂ ಹೆಡ್‌ಫೋನ್ ಹಾಕಿಕೊಂಡು. ಮನೆ ಓನರ್ ಗಲಾಟೆ ಮಾಡಬಾರದು, ಅವಳಿಗೂ ಕಿರಿಕಿರಿ ಆಗಬಾರದು ಅಂತ. ಪೂರ್ತಿ ಆದಮೇಲೆ ಕೇಳಿಸೋಣ ಅಂತಿದ್ದೆ. ಅಷ್ಟರಲ್ಲಿ ಅವಳೇ ಇರಲಿಲ್ಲ.

ಒಂದು ಸಲ ಕೇಳಿದರೆ ವಾಪಸ್ ಬಂದಾಳು ಅನ್ನುವ ಹುಚ್ಚು ಆಸೆ ನನಗೆ. "ಗುರುವಾರ ಜಗಳೂರಿಗೆ ಬಾ, ನಿನ್ನದೇ ಒಂದು ಟ್ಯೂನು ಐತೆ" ಅಂತ ಕಾರ್ಡು ಬರೆದೆ. ಉತ್ತರ ಬರಲಿಲ್ಲ.

ಕೈ ಪಳಗಲಿ ಅಂತ ಮೂರೂ ಊರಲ್ಲಿ ಅದನ್ನೇ ಬಾರಿಸಿದೆ. ಚನ್ನಗಿರಿಯಲ್ಲಿ ನಾನು ಬಾರಿಸುತ್ತಿದ್ದಾಗಲೇ ಮೈಕಿನಲ್ಲಿ ಕಳೆದುಹೋದ ಮಗುವಿನ ಸುದ್ದಿ ಹೇಳಿದರು. ಹೊನ್ನಾಳಿಯಲ್ಲಿ ಆ ನಿಲುಗಡೆಗೆ ನಾನು ಕೈ ತೆಗೆದರೂ ತಾಳ ಹಾಕುವ ರಿದಂ ಬಾಕ್ಸ್ ತಾನಾಗಿ ಬಡಿಯುವುದನ್ನು ಕಂಡು ಮುಂದಿನ ಸಾಲಿನವನೊಬ್ಬ, "ಟೇಪ್ ಹಾಕ್ಯಾನೆ, ಸುಮ್ನೆ ಕೈಯಾಡಿಸ್ತಾನೆ" ಅಂತ ನಕ್ಕ. ನ್ಯಾಮತಿಯಲ್ಲಿ ಆರ್ಕೆಸ್ಟ್ರಾದ ಯಜಮಾನ ಷಣ್ಮುಖಪ್ಪನೇ, "ಸ್ವಾಮಿ, ಇದು ಸಾಕು, ಸಿನಿಮಾ ಹಾಡು ಬಾರಿಸ್ರಿ" ಅಂದ. ಅವತ್ತು ಲಾಡ್ಜಿನ ರೂಮಿನಲ್ಲಿ ಒಬ್ಬನೇ ಊಟ ಮಾಡಿದೆ. ಬೇಸರಕ್ಕೆ ಅನ್ನ ಸೇರಲಿಲ್ಲ.

ಗುರುವಾರ ಮಧ್ಯಾಹ್ನ ಮೂರಕ್ಕೆ ಜಗಳೂರು ಮುಟ್ಟಿದೆವು. ಪೆಂಡಾಲಿನಲ್ಲಿ ಆರ್ಗನ್ ಜೋಡಿಸುತ್ತಿದ್ದಾಗ ಕಸ್ತೂರಮ್ಮ ಬಂದಳು. ಕೈಯಲ್ಲಿ ಬಟ್ಟೆ ಚೀಲ, ಕಿವಿಯ ಹತ್ತಿರ ಕೂದಲು ನರೆತಿತ್ತು.

"ಸಂಜೆ ಇರಾಕೆ ಆಗಲ್ರಿ. ಐದು ಗಂಟೆಗೆ ನಮ್ಮೂರ ಕೊನೇ ಬಸ್ಸು. ಈಗ್ಲೇ ಕೇಳಿಸ್ರಿ" ಅಂದಳು.

ಕರೆಂಟ್ ಕೊಡು ಅಂತ ಪೆಂಡಾಲಿನ ವೈರ್‌ಮನ್ ಅಂಜಿನಪ್ಪನ ಕಡೆ ತಿರುಗಿದೆ. "ಕರೆಂಟ್ ಆರಕ್ಕೆ ಬರ್ತೈತ್ರಿ, ಅಲ್ಲೀತಂಕ ಏನೂ ಮಾಡಾಕಾಗಲ್ಲ" ಅಂದ.

ಹದಿನಾಲ್ಕು ವರ್ಷ ಕರೆಂಟ್ ಸ್ವಾಮಿ ಅನ್ನಿಸಿಕೊಂಡವನಿಗೆ ಬೇಕಾದಾಗ ಕರೆಂಟ್ ಇಲ್ಲ. ನನಗೆ ಅಳುವೇ ಬಂತು. ಬೇರೇನೂ ತೋಚದೆ ಸತ್ತ ಆರ್ಗನ್ನಿನ ಮೇಲೇ ಬೆರಳಿಟ್ಟು ಬಾರಿಸತೊಡಗಿದೆ. ಮರದ ಕೀಗಳ ಟಕಟಕ ಬಿಟ್ಟರೆ ಬೇರೆ ಸದ್ದಿಲ್ಲ. ಕಸ್ತೂರಮ್ಮ ಸ್ಟೇಜಿನ ಅಂಚಿಗೆ ಕೂತು ಕೇಳಿದಳು.

"ಇದಾ? ಇದು ನನಗೆ ಬಾಯಿಪಾಠ ಐತಲ್ರಿ" ಅಂದಳು. "ನಾಲ್ಕು ವರ್ಷ ಅಡುಗೆಮನೇಲಿ ಕುಂತು ಈ ಟಕಟಕಾನೇ ಕೇಳಿದ್ದು. ಈಗ ಜೋರಾಗ್ತೈತೆ ನೋಡ್ರಿ. ಈಗ ನಿಲ್ಲಿಸ್ತೀರಿ."

ನಿಲ್ಲಿಸಿದೆ.

"ಇಲ್ಲೇ ನಾನು ದಿನಾ 'ರೀ' ಅಂತ ಕರೀತಿದ್ದೆ. ಟಕಟಕ ನಿಂತೈತೆ, ಈಗಾದ್ರೂ ಕೇಳಿಸ್ತೈತೇನೋ ಅಂತ. ನೀವು ಒಂದಿನಾನೂ ತಿರುಗಿ ನೋಡ್ಲಿಲ್ಲ."

"ಹೆಡ್‌ಫೋನ್ ಇತ್ತಲ್ಲೇ ಕಸ್ತೂರಿ."

"ಗೊತ್ತುರೀ" ಅಂದಳು. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು. ಚೀಲದಿಂದ ರೊಟ್ಟಿ ಬುತ್ತಿ ತೆಗೆದು ಆರ್ಗನ್ನಿನ ಪಕ್ಕ ಇಟ್ಟಳು. "ಹೊತ್ತಿಗೆ ಸರಿಯಾಗಿ ಉಣ್ರಿ" ಅಂದಳು. ಬಸ್ ಸ್ಟ್ಯಾಂಡಿನವರೆಗೂ ಹೋಗಿ ಬಿಟ್ಟುಬಂದೆ. "ಬಂದುಬಿಡು" ಅನ್ನಲು ಬಾಯಿ ಬರಲಿಲ್ಲ.

ಆರಕ್ಕೆ ಕರೆಂಟ್ ಬಂತು, ಏಳಕ್ಕೆ ಪೆಂಡಾಲು ತುಂಬಿತು. ಷಣ್ಮುಖಪ್ಪ ಬೇಡ ಅಂದರೂ ನನ್ನ ಟ್ಯೂನನ್ನೇ ಎತ್ತಿಕೊಂಡೆ. ಜಗಳೂರಿನವರು ಅದೇನೋ ಮನಸ್ಸಿಟ್ಟು ಕೇಳಿದರು. ಮಧ್ಯದಲ್ಲಿ ಆ ಜಾಗ ಬಂದಾಗ ರಿದಂ ಬಾಕ್ಸೂ ಬಂದ್ ಮಾಡಿ ಕೈ ಎತ್ತಿದೆ, ಎತ್ತಿದವನು ಮತ್ತೆ ಇಡಲಿಲ್ಲ.

"ಸ್ವಾಮಿ, ಏನಾತ್ರಿ?" ಅಂತ ಷಣ್ಮುಖಪ್ಪ ಪಿಸುಗುಟ್ಟಿದ. ಸುಮ್ಮನಿರು ಅಂತ ಕೈಸನ್ನೆ ಮಾಡಿದೆ. ಕಿವಿಗೆ ಏನೂ ಹಾಕಿರಲಿಲ್ಲ. ಎದುರಿಗೆ ಅಷ್ಟೊಂದು ಜನ ಬಾಯಿ ಮುಚ್ಚಿಕೊಂಡು ಕೂತಿದ್ದರು, ಒಬ್ಬರೂ "ರೀ" ಅನ್ನಲಿಲ್ಲ.