ಮುಂಡಪ್ಪಣ್ಣನ ಬಾವಿಯ ವರದಿ

ಆ ಬಾವಿಯ ನೀರನ್ನು ಲ್ಯಾಬಿನಲ್ಲಿ ಮೂರು ಸಲ ಪರೀಕ್ಷೆ ಮಾಡಿಯಾಗಿತ್ತು. ಎರಡು ಸಲ ಶುದ್ಧ, ಒಂದು ಸಲ ಕೆಟ್ಟದ್ದು. ಪಂಚಾಯತಿಯ ಫಾರ್ಮಿನಲ್ಲಿ ಇದ್ದದ್ದು ಮಾತ್ರ ಎರಡೇ ಚೌಕ: ಕುಡಿಯಲು ಯೋಗ್ಯ, ಅಯೋಗ್ಯ.

ಮೂಡುಬಿದಿರೆಯ ಕಾಲೇಜಿನಲ್ಲಿ ಬಾವಿ ನೀರಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ನಸೀಬಾ ಪೆನ್ನು ಹಿಡಿದು ಕೂತವಳು ಕೂತೇ ಇದ್ದಳು. ಯೋಗ್ಯ ಎಂದರೆ ನಾಳೆ ಯಾವುದೋ ಮಗುವಿಗೆ ವಾಂತಿಭೇದಿ. ಅಯೋಗ್ಯ ಎಂದರೆ ಬಾವಿ ಮುಚ್ಚಿಸುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಹತ್ತು ಮನೆಯ ಕೊಡ ಖಾಲಿ. ಅತ್ತ ದರಿ, ಇತ್ತ ಪುಲಿ.

"ಸಂಜೆಯೊಳಗೆ ಒಂದಕ್ಕೆ ಟಿಕ್ ಹಾಕಿ ಮಾರಾಯ್ತಿ. ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಲ್ಯಾಬು ಯಾಕೆ?" ಎಂದಿದ್ದರು ವಿಭಾಗದ ಮುಖ್ಯಸ್ಥ ಕಮಲಾಕ್ಷ ಸರ್. ಅವರನ್ನೂ ಬೈಯುವ ಹಾಗಿಲ್ಲ, ಪಂಚಾಯತಿಯವರು ದಿನಕ್ಕೆ ಮೂರು ಸಲ ಫೋನ್ ಮಾಡಿ ಅವರ ತಲೆ ತಿನ್ನುತ್ತಿದ್ದರು.

ನಸೀಬಾ ಫಾರ್ಮನ್ನು ಬ್ಯಾಗಿಗೆ ಹಾಕಿ, ನಾಲ್ಕನೆಯ ಪರೀಕ್ಷೆಗೆ ಬಾಟಲಿ ತುಂಬಿಸಿಕೊಳ್ಳಲು ಬಂಟ್ವಾಳದ ಬಸ್ಸು ಹತ್ತಿ ಅರ್ಧ ದಾರಿಯಲ್ಲಿ, ಬಾವಿಯಿದ್ದ ಊರಿನಲ್ಲಿ ಇಳಿದಳು. ಬಾವಿಯ ಯಜಮಾನ ಮುಂಡಪ್ಪಣ್ಣ ಅವಳನ್ನು ಜಗಲಿಯಲ್ಲಿ ಕೂರಿಸಿದರು. ಅವರ ಹೆಂಡತಿ ಸರಸಕ್ಕ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದಿಟ್ಟರು. ಬಂದವರಿಗೆ ಅದನ್ನು ಕೊಡದೆ ಮಾತು ಶುರುವಾಗುವ ಊರಲ್ಲ ಅದು. ನಸೀಬಾ ಬೆಲ್ಲ ಬಾಯಿಗೆ ಹಾಕಿಕೊಂಡಳು. ಚೊಂಬು ಮುಟ್ಟಲಿಲ್ಲ.

ಮುಂಡಪ್ಪಣ್ಣನ ಮುಖ ಸಣ್ಣದಾಯಿತು. "ನೀರು ಹಾಳು ಅಂತಾಯ್ತು. ನನ್ನ ಅಜ್ಜ ತೋಡಿದ ಬಾವಿ, ಮೇಡಂ."

"ಹಾಗಲ್ಲ ಮುಂಡಪ್ಪಣ್ಣ. ಒಳ್ಳೆದುಂಟಾ, ಹಾಳಾಗಿದೆಯಾ, ನನಗೇ ಗೊತ್ತಿಲ್ಲ."

ಹೇಳಿದ ಮೇಲೆ ಅವಳಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಓದಿದ್ದು ಈ ಒಂದು ಮಾತಿಗೋ?

"ಯಾವಾಗ ಗೊತ್ತಾಗ್ತದೆ?"

"ಎರಡು ದಿನ ಬೇಕು."

"ಅಲ್ಲಿಯವರೆಗೆ, ನಿಮ್ಮದೇ ಬಾವಿಯಾದ್ರೆ ಏನು ಮಾಡ್ತೀರಿ?"

"ಕುದಿಸಿ ಕುಡೀತೇನೆ."

ಮುಂಡಪ್ಪಣ್ಣ ಚೊಂಬು ಎತ್ತಿ ಹೆಂಡತಿಯ ಕೈಗೆ ಕೊಟ್ಟರು. "ಕುದಿಸು," ಎಂದು ಹೇಳಿ, ಒಲೆಯ ಬಳಿಯಿಂದ ಒಂದು ಇದ್ದಿಲ ತುಂಡು ಹಿಡಿದು ಅಂಗಳಕ್ಕೆ ಇಳಿದರು. ನೀರು ಕುದಿದು ಆರುವಷ್ಟರಲ್ಲಿ ನಸೀಬಾಳ ಬಸ್ಸು ತಪ್ಪಿತ್ತು. ಸರಸಕ್ಕ ಮತ್ತೊಂದು ತುಂಡು ಬೆಲ್ಲ ಕೊಟ್ಟರು. ಈ ಸಲ ಅವಳು ಚೊಂಬು ಖಾಲಿ ಮಾಡಿದಳು.

"ಎಲ್ಲ ಗೊತ್ತುಂಟು ಅಂದವರು ಯಾರೂ ತಿರುಗಿ ಬರ್ಲಿಲ್ಲ. ನೀನು ಬರ್ತಿ ಮಗಾ," ಎಂದರು ಮುಂಡಪ್ಪಣ್ಣ, ಕೈಯ ಮಸಿ ಒರೆಸಿಕೊಳ್ಳುತ್ತ.

ಬಾಟಲಿ ಹಿಡಿದು ಬಾವಿಗೆ ಹೋದರೆ ಕಟ್ಟೆಯ ಮೇಲೆ ಇದ್ದಿಲಿನ ದಪ್ಪ ಅಕ್ಷರ: 'ಇನ್ನೂ ಗೊತ್ತಿಲ್ಲ. ಎರಡು ದಿನ ಕುದಿಸಿ ಕುಡಿಯಿರಿ.'

ನಸೀಬಾ ಫಾರ್ಮನ್ನು ಅದೇ ಕಟ್ಟೆಯ ಮೇಲೆ ಹರಡಿದಳು. ಎರಡು ಚೌಕಗಳನ್ನೂ ಖಾಲಿ ಬಿಟ್ಟು, ಕೆಳಗೆ ಆ ಮಾತನ್ನೇ ನೋಡಿ ಬರೆದು ಸಹಿ ಹಾಕಿದಳು.