ಕೊನೆಗಿಟ್ಟ ಮಾತು

ಹಾಲು ಉಕ್ಕುತ್ತಿದ್ದುದು ವಕೀಲೆಗೆ ತಿಳಿಯಲೇ ಇಲ್ಲ. ಒಲೆಗೆ ಬೆನ್ನು ಹಾಕಿ, ಅರ್ಧ ಹೆಚ್ಚಿದ ಆಲೂಗಡ್ಡೆಯನ್ನು ಕೈಯಲ್ಲೇ ಹಿಡಿದು ಅವಳು ವಾದ ಮಂಡಿಸುತ್ತಿದ್ದಳು. ಎದುರಿಗೆ ಎತ್ತರದ ಸ್ಟೂಲಿನ ಮೇಲೆ ಮಗಳು, ಸೌಟು ಹಿಡಿದು ನ್ಯಾಯಾಧೀಶೆಯಾಗಿ ಕೂತಿದ್ದಳು.

"ದುಡಿಯುವವರ ಬದುಕು, ಸ್ವಾಮಿ, ಹೊಲಿಗೆ ಬಿಚ್ಚಿದ ಬಟ್ಟೆಯಂತೆ..."

"ಯಾರ ಬಟ್ಟೆ?" ಎಂದಳು ನ್ಯಾಯಾಧೀಶೆ.

"ಮಧ್ಯೆ ಬಾಯಿ ಹಾಕ್ಬೇಡ ಪುಟ್ಟಿ. ಆಮೇಲೆ ಹೇಳ್ತೀನಿ."

"ಅಮ್ಮಾ, ಹಾಲು..."

"ಆಮೇಲೆ ಅಂದ್ನಲ್ಲ!"

ಹಾಲು ಆಮೇಲಿನವರೆಗೆ ಕಾಯಲಿಲ್ಲ. ಒಲೆ ಚುಂಯ್ ಎಂದು ಆರಿತು.

ನಡುಮನೆಯ ಕುರ್ಚಿಯಿಂದ ಮಾವನವರ ನಗು ಕೇಳಿಸಿತು. ಅವರೂ ವಕೀಲರೇ. ಮಂಡಿ ಕೈಕೊಟ್ಟ ಮೇಲೆ ಕೋರ್ಟು ಬಿಟ್ಟಿದ್ದರು. "ಒಲೆ ಹೋದ್ರೂ ವಾದ ನಿಲ್ಲಲಿಲ್ಲ, ಭೇಷ್! ಆದ್ರೆ ನೆನಪಿರಲಿ, ಬ್ರಹ್ಮಾಸ್ತ್ರ ಕೊನೆಗೆ. ಮೊದಲೇ ಬಿಟ್ಟುಬಿಟ್ರೆ ಆಮೇಲೆ ಬರಿಗೈ."

"ಜಡ್ಜು ಮಧ್ಯೆ ಕೇಳಿದ್ರೆ, ಮಾವ?"

"ಕೇಳಲಿ ಬಿಡು. 'ಅಲ್ಲಿಗೇ ಬರ್ತಿದೀನಿ ಸ್ವಾಮಿ' ಅನ್ನು. ಮಾತಿನ ಓಟ ಕೆಡಿಸ್ಕೋಬಾರದು. ನನ್ನ ವಾದ ಕೇಳೋಕೆ ಪಕ್ಕದ ಕೋರ್ಟಿನೋರೂ ಬಂದು ನಿಲ್ತಿದ್ರು, ಗೊತ್ತಾ?"

ಅದು ಸುಳ್ಳಲ್ಲ. ಅವರು ಎಷ್ಟು ಮೊಕದ್ದಮೆ ಗೆದ್ದರು ಎಂದು ಮಾತ್ರ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಇಷ್ಟು ವರ್ಷ ಬೇರೆಯವರ ಹಿಂದೆ ನಿಂತು ಕಡತ ಹೊತ್ತವಳಿಗೆ ಇದೇ ಮೊದಲ ಸ್ವಂತ ವಾದ. ಒಂದು ಹೊಲಿಗೆ ಕಾರ್ಖಾನೆಯ ಮೇಲಂತಸ್ತಿಗೆ ಬೆಂಕಿ ಬಿದ್ದಿತ್ತು. ಅಲ್ಲಿ ಮಾಡುವ ಕೆಲಸವೇ ಕರೆಯುವ ಹೆಸರು. ಕಾಲರ್ ಹೊಲಿಯುವ ಕಾಲರಕ್ಕ ಹೊಗೆಯಲ್ಲಿ ಸತ್ತಳು. ಅವಳ ಒಡಹುಟ್ಟಿದ ತಂಗಿ, ಅಂಗಿಯ ಗುಂಡಿಗೆ ಕಾಜಾ ತೆಗೆಯುವವಳು, ಎರಡೂ ಕೈ ಸುಟ್ಟುಕೊಂಡು ಉಳಿದಳು. ಹೆಂಗಸರು ಕೆಲಸ ಬಿಟ್ಟು ಹೊರಗೆ ಹೋಗದಿರಲೆಂದು ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು ಎಂಬುದು ತಂಗಿಯ ದೂರು. ಊಟವಾದ ಮೇಲೆ ನಿದ್ದೆ ಹೊಡೆಯಲು ಕಾಲರಕ್ಕನೇ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು ಎಂಬುದು ಮಾಲೀಕನ ಉತ್ತರ.

"ಪರಿಹಾರ ಕೊಡ್ತಾರೋ ಬಿಡ್ತಾರೋ, ಮೇಡಂ," ಎಂದಿದ್ದಳು ಕಾಜಾದವಳು. "ನಮ್ಮಕ್ಕ ಮಲಗೋಳಲ್ಲ. ಬೀಗ ಹೊರಗಿಂದ ಬಿದ್ದಿತ್ತು ಅಂತ ಕೋರ್ಟು ಒಂದು ಸಾಲು ಬರೆದ್ರೆ ಸಾಕು."

ಒಂದು ಸಾಲಿಗೆ ಒಂದು ಸಾಕ್ಷಿಯೂ ಇತ್ತು. ಬೆಂಕಿ ಆರಿಸಲು ಬಂದವರಲ್ಲಿ ಒಬ್ಬ ತನ್ನ ಹೇಳಿಕೆಯ ಆರಂಭದಲ್ಲಿ "ಬಾಗಿಲು ಒಡೆದೆವು" ಎಂದಷ್ಟೇ ಹೇಳಿದ್ದ. ಆದರೆ ಎದುರು ವಕೀಲರು ಕೆದಕಿ ಕೇಳಿದಾಗ, "ಹೊರಗೆ ತೂಗುತ್ತಿದ್ದ ಬೀಗವನ್ನು ನಾನೇ ಕತ್ತರಿಸಿದೆ" ಎಂದುಬಿಟ್ಟಿದ್ದ. ದಪ್ಪ ಕಡತದ ಹೊಟ್ಟೆಯೊಳಗೆ ಅಡಗಿ ಕೂತ ಒಂದೇ ಮಾತು. ಬ್ರಹ್ಮಾಸ್ತ್ರವೆಂದರೆ ಅದೇ.

ವಾದದ ದಿನ ಅವಳು ಎರಡನೆಯ ವಾಕ್ಯ ಮುಗಿಸುವ ಮೊದಲೇ ನ್ಯಾಯಾಧೀಶರು ಲೇಖನಿ ತೆರೆದು ಕೇಳಿದರು. "ಒಂದು ವಿಷಯ ಹೇಳಿಬಿಡಿ ಅಮ್ಮ. ಸತ್ತವಳ ತಂಗೀನ ಬಿಟ್ಟು ಬೇರೆ ಯಾರಾದ್ರೂ ಆ ಬೀಗ ನೋಡಿದಾರಾ?"

ಉತ್ತರ ನಾಲಗೆಯ ತುದಿಯಲ್ಲಿತ್ತು. ಆದರೆ ಈಗಲೇ ಹೇಳಿದರೆ ಮುಂದಿನದೆಲ್ಲ ಏನಾಗಬೇಕು? ಹೊಲಿಗೆ ಬಿಚ್ಚಿದ ಬಟ್ಟೆ?

"ಅಲ್ಲಿಗೇ ಬರ್ತಿದೀನಿ ಸ್ವಾಮಿ," ಎಂದಳು.

ಸ್ವಲ್ಪ ಹೊತ್ತಿನ ಮೇಲೆ ಅವರು ಮತ್ತೆ ಕೇಳಿದರು. ಅವಳು ಮತ್ತೆ ಅದನ್ನೇ ಹೇಳಿದಳು. ಮೂರನೆಯ ಸಲ ಅವರು ಕೇಳಲಿಲ್ಲ. ಲೇಖನಿಗೆ ಮುಚ್ಚಳ ಹಾಕಿ, ಕಿಟಕಿಯ ಕಡೆ ನೋಡುತ್ತ ಕೂತರು. ಹಿಂದಿನ ಬೆಂಚಿನಲ್ಲಿ ಕಾಜಾದವಳು ಸುಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಾಯಿಬಿಟ್ಟು ಕೇಳುತ್ತಿದ್ದಳು. ವಾದ ನಿಜಕ್ಕೂ ಚೆನ್ನಾಗಿತ್ತು. ಅದು ಬೀಗದ ಬಾಗಿಲಿಗೆ ಬರುವಷ್ಟರಲ್ಲಿ ಅವಳ ಸಮಯ ಮುಗಿಯಿತು.

ಎದುರು ವಕೀಲರು ತಗ್ಗಿದ ದನಿಯವರು. "ಕಿಟಕಿಗೆ ಕಂಬಿ ಇತ್ತಾ?" ಎಂಬ ನ್ಯಾಯಾಧೀಶರ ಪ್ರಶ್ನೆಗೆ ಅವರು ತಡವರಿಸಲಿಲ್ಲ. "ಇತ್ತು ಸ್ವಾಮಿ. ಅದು ನಮಗೆ ವಿರುದ್ಧವೇ. ಆದ್ರೆ ಬಾಗಿಲಿತ್ತು, ಅದರ ಚಿಲಕ ಒಳಗಿತ್ತು. ಒಡೆದದ್ದು ಬಾಗಿಲು ಅಂತ ಬೆಂಕಿ ಆರಿಸಿದವರೇ ಹೇಳಿದಾರೆ." ಹೇಳಿಕೆಯ ಮೊದಲ ಸಾಲನ್ನಷ್ಟೇ ಓದಿ ಕೂತರು. ಲೇಖನಿಯ ಮುಚ್ಚಳ ಮತ್ತೆ ತೆರೆದುಕೊಂಡಿತ್ತು.

ವಕೀಲೆ ದಡಬಡಿಸಿ ಎದ್ದಳು. "ಹೊತ್ತಾಯ್ತು ಅಮ್ಮ, ಹೇಳೋದಿದ್ರೆ ಬರೆದು ಕೊಡಿ," ಎಂದರು ನ್ಯಾಯಾಧೀಶರು. ಬರೆದು ಕೊಟ್ಟಳು. ಅದರಲ್ಲೂ ಬ್ರಹ್ಮಾಸ್ತ್ರವನ್ನು ಕೊನೆಯ ಪುಟಕ್ಕೇ ಇಟ್ಟಳು. ಆ ಪುಟದವರೆಗೆ ಯಾರೂ ಓದಲಿಲ್ಲ.

ತೀರ್ಪು ಬಂದಾಗ ಅದರಲ್ಲಿ ಬೀಗದ ಬಗ್ಗೆಯೂ ಒಂದು ಸಾಲು ಇತ್ತು. ಈ ಕುರಿತು ಎರಡು ಬಾರಿ ಕೇಳಿದರೂ ದೂರುದಾರರ ಪರವಾಗಿ ಉತ್ತರ ದೊರೆಯಲಿಲ್ಲ ಎಂದು.

ಕೋರ್ಟಿನ ಮೊಗಸಾಲೆಯಲ್ಲಿ ಕಾಜಾದವಳು ಕಂಬಕ್ಕೆ ಒರಗಿ ನಿಂತಿದ್ದಳು. "ಏನಂತೆ ಮೇಡಂ?"

ಮನೆಗೆ ಹೋಗಿರಿ, ಆಮೇಲೆ ಫೋನ್ ಮಾಡ್ತೀನಿ. ಮಾತು ಬಾಯಿಗೆ ಬಂದೇಬಿಟ್ಟಿತ್ತು. ವಕೀಲೆ ಅದನ್ನು ನುಂಗಿಕೊಂಡಳು.

"ಸೋತ್ವಿ," ಎಂದಳು.

"ಹಾಗಾದ್ರೆ ಅಕ್ಕನೇ ಚಿಲಕ ಹಾಕ್ಕೊಂಡಳು ಅಂತ ಆಯ್ತಾ?"

"ಹೂಂ. ಹಾಗೇ ಬರೆದಿದಾರೆ."

"ಮೇಲಿನ ಕೋರ್ಟು?"

"ಹೋಗಬಹುದು. ನಾನು ಹೋಗ್ತೀನಿ. ಆದ್ರೆ ಗೆಲ್ಲೋದು ಕಷ್ಟ."

ಕಾಜಾದವಳು ಜಾರಿದ ಸೆರಗನ್ನು ಮೊಣಕೈಯಿಂದ ಸರಿಸಿಕೊಂಡಳು. ಆಮೇಲೆ ಸಮಾಧಾನ ಹೇಳುವವಳಂತೆ, "ನೀವು ಅವತ್ತು ಚೆನ್ನಾಗಿ ಮಾತಾಡಿದ್ರಿ. ನಂಗೆ ಅರ್ಧಕ್ಕರ್ಧ ತಿಳೀಲಿಲ್ಲ, ಆದ್ರೂ ಕೇಳೋಕೆ ಚೆನ್ನಾಗಿತ್ತು," ಎಂದಳು. "ಆ ದೊಡ್ಡೋರು ಎರಡು ಸಲ ಏನೋ ಕೇಳಿದ್ರಲ್ಲ, ಏನದು?"

"ಬೀಗ ನೋಡಿದೋರು ಬೇರೆ ಯಾರಿದಾರೆ ಅಂತ."

"ನೀವೇನಂದ್ರಿ?"

"ಬರ್ತಿದೀನಿ ಅಂದೆ. ಹೇಳಬೇಕಾಗಿತ್ತು. ಹೇಳಲಿಲ್ಲ. ತಪ್ಪು ನಂದೇ."

ಕಾಜಾದವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಬೆಂಕಿ ಹತ್ತಿದಾಗ ನಾವು ಒಳಗಿಂದ ಬಾಗಿಲು ಬಡಿದ್ವಿ," ಎಂದಳು ನಿಧಾನವಾಗಿ. "ಹೊರಗಡೆ ಕಾವಲಿನೋನು, 'ಇರಿ ಇರಿ, ಬಂದೆ' ಅಂದ. ಕೀಲಿಕೈ ಮಾಲೀಕರ ಹತ್ರ ಇತ್ತಲ್ಲ, ತರೋಕೆ ಓಡಿದ. ಅಕ್ಕ ನಂಬಿದ್ಲು. 'ಬರ್ತಾನಂತೆ, ಹೆದರ್ಬೇಡ' ಅಂತ ನಂಗೇ ಧೈರ್ಯ ಹೇಳಿದ್ಲು."

ಅಷ್ಟು ಹೇಳಿ ಅವಳು ಮೆಟ್ಟಿಲಿಳಿದು ಹೋದಳು. ಅವಳ ಕೈಗೆ ಮೆಟ್ಟಿಲ ಪಕ್ಕದ ಕಂಬಿ ಹಿಡಿಯಲಾಗುತ್ತಿರಲಿಲ್ಲ. ಮೊಣಕೈಯನ್ನು ಗೋಡೆಗೆ ಊರಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಇಳಿದಳು.

ಸಂಜೆ ವಕೀಲೆ ಬಂದು ಒಲೆ ಹಚ್ಚಿದಳು, ಹಾಲಿಟ್ಟಳು. ಮಗಳು ಸ್ಟೂಲು ಎಳೆದುಕೊಂಡು ಹತ್ತಿದಳು.

"ಅಮ್ಮಾ, ನಿನ್ನ ಕೇಸು ಏನಾಯ್ತು?"

"ಅಮ್ಮಂಗೆ ಸುಸ್ತಾಗಿದೆ ಪುಟ್ಟಿ," ಮಾವನವರು ಕುರ್ಚಿಯಿಂದಲೇ ಹೇಳಿದರು. "ಆಮೇಲೆ ಕೇಳು."

ವಕೀಲೆ ಒಲೆ ಆರಿಸಿದಳು. ಹಾಲು ಇನ್ನೂ ಬಿಸಿಯಾಗಿರಲಿಲ್ಲ. ಮಗಳ ಎದುರಿಗೆ, ಅಡುಗೆಮನೆಯ ನೆಲದ ಮೇಲೆ ಕೂತಳು.

"ಸೋತೆ ಕಂದ."

"ಬೀಗ ಹಾಕಿದ್ದು ಯಾರು?"

"ಮಾಲೀಕ."

"ಯಾರು ನೋಡಿದ್ರು?"

"ಬೆಂಕಿ ಆರಿಸೋಕೆ ಬಂದೋನು. ಬೀಗ ಕತ್ತರಿಸಿದ್ದು ಅವನೇ."

ಮಗಳು ಮುಂದಿನ ಮಾತಿಗೆ ಕಾದಳು. ಹೊಲಿಗೆ ಬಿಚ್ಚಿದ ಬಟ್ಟೆ ಬರಲಿಲ್ಲ, ಏನೂ ಬರಲಿಲ್ಲ.

"ಇಷ್ಟೇನಾ?" ಎಂದಳು ಮಗಳು.

"ಇಷ್ಟೇ," ಎಂದಳು ತಾಯಿ.